ಮನಶ್ಶಾಸ್ತ್ರ ಪ್ರಬಂಧಗಳಲ್ಲಿ ಅಂಕಿಯೂ ಸಂಕ್ಷೇಪಾಕ್ಷರವೂ: ಒಂದು ವಿಮರ್ಶೆ

ಮನಶ್ಶಾಸ್ತ್ರದ ಸಂಶೋಧನ ಪ್ರಬಂಧವನ್ನು ಓದುವವರಲ್ಲಿ ಬಹುಮಂದಿ ಪೀಠಿಕೆಯನ್ನು ಗಮನವಿಟ್ಟು ಓದುತ್ತಾರೆ. ವಿಧಾನದ ಭಾಗದ ಮೇಲೆ ಕಣ್ಣಾಡಿಸುತ್ತಾರೆ. ಫಲಿತಾಂಶದ ಭಾಗ ಬಂದೊಡನೆ ಆವರಣಗಳೊಳಗಿನ ಅಕ್ಷರಗಳನ್ನೂ ಅಂಕಿಗಳನ್ನೂ ದಾಟಿ ಉಪಸಂಹಾರಕ್ಕೆ ಹೋಗುತ್ತಾರೆ. ಇದು ಓದುಗರ ದೋಷವೊಂದೇ ಅಲ್ಲ. ಅರ್ಥವನ್ನು ವಿಚಾರಿಸದೆ ಒಪ್ಪಿಸುವ ಸಂಕಲ್ಪದಂತೆ ಆ ಆವರಣಗಳನ್ನು ತುಂಬುವ ಅಭ್ಯಾಸ ಬರೆಯುವವರಲ್ಲಿಯೂ ಬೆಳೆದುಬಂದಿದೆ. ಬರೆದವನಿಗೇ ಬೇಡವಾದುದನ್ನು ಓದುವವನು ಏಕೆ ಓದಬೇಕು?

ಆದರೆ ಲೇಖಕನ ಮಾತನ್ನು ಒರೆಗೆ ಹಚ್ಚಿ ನೋಡಲು ಪ್ರಬಂಧದಲ್ಲಿ ಓದುಗನಿಗೆ ದೊರೆಯುವ ಸ್ಥಳವೆಂದರೆ ಆ ಆವರಣವೊಂದೇ. ಉಳಿದೆಲ್ಲ ಕಡೆಗಳಲ್ಲಿ ಅವನು ಲೇಖಕನನ್ನು ನಂಬಬೇಕು. ಇಲ್ಲಿ ಮಾತ್ರ ಕಾಗದ ಪೆನ್ಸಿಲು ಹಿಡಿದು ತಾನೇ ಲೆಕ್ಕ ಮಾಡಬಹುದು. ಸಂಖ್ಯಾಶಾಸ್ತ್ರದ ಫಲಗಳನ್ನು ಬರೆಯುವ ಕ್ರಮವನ್ನೂ ಅಂಗೀಕೃತ ಸಂಕ್ಷೇಪಗಳನ್ನೂ ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ರೋಮನ್ ಚಿಹ್ನೆಗಳ ಹೆಸರುಗಳನ್ನು ಇಲ್ಲಿ ಉಚ್ಚಾರಕ್ಕೆ ಅನುಸಾರವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಹಾಗೆ ಕೊಡುವುದರಿಂದ ಹುಟ್ಟುವ ತೊಡಕಿನ ವಿಚಾರ ಮುಂದೆ ಬರುತ್ತದೆ.

ಈ ಚಿಹ್ನೆಗಳು ಒಂದೇ ಸಲಕ್ಕೆ ಒಬ್ಬರೇ ಕೂಡಿಸಿಟ್ಟವುಗಳಲ್ಲ. ಮಾನಕ ವಿಚಲನೆ ಎಂಬುದಕ್ಕೆ ಇಂಗ್ಲಿಷಿನ ಹೆಸರನ್ನು ಕೊಟ್ಟವನು ಕಾರ್ಲ್ ಪಿಯರ್ಸನ್, 1893ರಲ್ಲಿ. ಟಿ ಪರೀಕ್ಷೆಯ ಮೂಲವು ಡಬ್ಲಿನ್ ನಗರದ ಗಿನ್ನೆಸ್ ಮದ್ಯತಯಾರಿಕೆಯ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ವಿಲಿಯಂ ಗಾಸೆಟ್ 'ಸ್ಟೂಡೆಂಟ್' ಎಂಬ ಗುಪ್ತನಾಮದಿಂದ 1908ರಲ್ಲಿ ಪ್ರಕಟಿಸಿದ ಲೇಖನ. ಎಫ್ ಎಂಬ ಅಕ್ಷರವು ರೊನಾಲ್ಡ್ ಫಿಷರನ ಗೌರವಾರ್ಥವಾಗಿ ಸ್ನೆಡೆಕರ್ ಇಟ್ಟದ್ದು. ಚದುರಿ ಬಂದ ಈ ಸಾಮಗ್ರಿಗೆ ಮನಶ್ಶಾಸ್ತ್ರದಲ್ಲಿ ಒಂದು ಶಿಸ್ತನ್ನು ತಂದದ್ದು ಅಮೆರಿಕನ್ ಮನಶ್ಶಾಸ್ತ್ರ ಸಂಘದ ಕೈಪಿಡಿ. ಅದು 1929ರಲ್ಲಿ 'ಸೈಕಲಾಜಿಕಲ್ ಬುಲೆಟಿನ್' ಪತ್ರಿಕೆಯಲ್ಲಿ ಏಳು ಪುಟಗಳ ಸೂಚನೆಯಾಗಿ ಹುಟ್ಟಿತು. 1952ರಲ್ಲಿ ಕೈಪಿಡಿಯೆಂಬ ಹೆಸರನ್ನು ಪಡೆಯಿತು. 2019ರಲ್ಲಿ ಹೊರಬಂದ ಏಳನೆಯ ಆವೃತ್ತಿ ನಾನೂರು ಪುಟಗಳನ್ನು ಮೀರಿದೆ. ಅಂಕಿಗಳನ್ನು ಬರೆಯುವ ವಿಷಯದಲ್ಲಿ ಲೋಕದ ಮನಶ್ಶಾಸ್ತ್ರ ಪತ್ರಿಕೆಗಳಲ್ಲಿ ಹೆಚ್ಚಿನವು ಇದನ್ನೇ ಅನುಸರಿಸುತ್ತವೆ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿಯೂ ಸಂಶೋಧನ ವಿದ್ಯಾರ್ಥಿಯ ಕೈಗೆ ಮೊದಲು ಬರುವುದು ಇದರ ಯಾವುದಾದರೊಂದು ಸಂಗ್ರಹ.

ಕೈಪಿಡಿಯನ್ನು ಶಿಷ್ಟಾಚಾರದ ಪುಸ್ತಕವೆಂದು ತಿಳಿದವರು ಅದನ್ನು ಹಾಸ್ಯಮಾಡುವುದುಂಟು. ಯಾವ ಅಕ್ಷರ ವಾಲಿರಬೇಕು, ಯಾವುದು ನೆಟ್ಟಗಿರಬೇಕು, ಸಮಚಿಹ್ನೆಯ ಎರಡು ಮಗ್ಗುಲಲ್ಲಿಯೂ ಎಡೆ ಬಿಡಬೇಕೆ ಎಂಬ ವಿಧಿಗಳನ್ನು ಮಾತ್ರ ನೋಡಿದರೆ ನಗು ಬರುವುದು ಸಹಜವೇ. ಆದರೆ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಇಪ್ಪತ್ತೈದು ಇಪ್ಪತ್ತೈದು ವಿದ್ಯಾರ್ಥಿಗಳ ಎರಡು ಗುಂಪುಗಳು. ಒಂದು ಗುಂಪು ನಲವತ್ತು ಪದಗಳ ಪಟ್ಟಿಯನ್ನು ಬಿಡುವು ಕೊಟ್ಟು ಕಲಿಯಿತು, ಇನ್ನೊಂದು ಒಂದೇ ಸಮನೆ ಕಲಿಯಿತು. ಫಲವನ್ನು ಹೀಗೆ ಬರೆದಿದೆ: ಬಿಡುವು ಕೊಟ್ಟು ಕಲಿತವರು (ಎಂ = 24.60, ಎಸ್‌ಡಿ = 5.20) ಒಂದೇ ಸಮನೆ ಕಲಿತವರಿಗಿಂತ (ಎಂ = 21.28, ಎಸ್‌ಡಿ = 5.90) ಹೆಚ್ಚು ಪದಗಳನ್ನು ನೆನೆದರು; ಟಿ(48) = 2.11, ಪಿ = 0.040, ಡಿ = 0.60, ವ್ಯತ್ಯಾಸದ ಶೇ. 95ರ ವಿಶ್ವಾಸಾಂತರ [0.16, 6.48].

ಈ ಒಂದು ಸಾಲಿನಿಂದ ಓದುಗನು ಏನೇನನ್ನು ಪರೀಕ್ಷಿಸಬಹುದು ನೋಡಿ. ಆವರಣದಲ್ಲಿರುವ 48 ಎಂಬುದು ಸ್ವಾತಂತ್ರ್ಯಾಂಶ. ಎರಡು ಗುಂಪುಗಳ ಹೋಲಿಕೆಯಲ್ಲಿ ಅದು ಒಟ್ಟು ಸಂಖ್ಯೆಗಿಂತ ಎರಡು ಕಡಮೆ. ಆದುದರಿಂದ ಲೆಕ್ಕಕ್ಕೆ ಸೇರಿದವರು ಐವತ್ತು ಮಂದಿ. ವಿಧಾನದ ಭಾಗದಲ್ಲಿ ಅರವತ್ತು ಮಂದಿಯನ್ನು ಕರೆಸಿದಂತೆ ಹೇಳಿದ್ದರೆ ಉಳಿದ ಹತ್ತು ಮಂದಿ ಎಲ್ಲಿ ಹೋದರೆಂದು ಕೇಳುವ ಅಧಿಕಾರ ಓದುಗನಿಗೆ ಬರುತ್ತದೆ. ಎರಡು ಸರಾಸರಿ, ಎರಡು ಮಾನಕ ವಿಚಲನೆಗಳಿಂದ ಟಿ ಮೌಲ್ಯವನ್ನು ಅವನೇ ಕಂಡುಹಿಡಿಯಬಹುದು. ಟಿ ಮೌಲ್ಯ ಮತ್ತು ಸ್ವಾತಂತ್ರ್ಯಾಂಶಗಳಿಂದ ಪಿ ಮೌಲ್ಯವು ಬಂದೇ ಬರುತ್ತದೆ. ಬರದಿದ್ದರೆ ಎಲ್ಲಿಯೋ ತಪ್ಪಿದೆ. ಇನ್ನೂ ಒಂದು ಸೂಕ್ಷ್ಮವಿದೆ. ನೆನೆದ ಪದಗಳ ಎಣಿಕೆ ಪೂರ್ಣಾಂಕ. ಇಪ್ಪತ್ತೈದು ಪೂರ್ಣಾಂಕಗಳ ಸರಾಸರಿ 0.04ರ ಹೆಜ್ಜೆಗಳಲ್ಲಿ ಮಾತ್ರ ಏರಬಲ್ಲದು. 24.60 ಎಂದರೆ 615 ಪದ, 21.28 ಎಂದರೆ 532 ಪದ. ಅಲ್ಲಿ 21.27 ಎಂದು ಅಚ್ಚಾಗಿದ್ದರೆ, ಅಂಥ ಸರಾಸರಿ ಯಾವ ಇಪ್ಪತ್ತೈದು ಮಂದಿಯಿಂದಲೂ ದೊರೆಯಲಾರದು. ಈ ಸರಳವಾದ ಭಾಗಾಕಾರವನ್ನೇ ಆಧರಿಸಿ ಬ್ರೌನ್ ಮತ್ತು ಹೀದರ್ಸ್ ಎಂಬವರು 2017ರಲ್ಲಿ ಒಂದು ಪರೀಕ್ಷಾವಿಧಾನವನ್ನು ಪ್ರಕಟಿಸಿದರು. ಅವರು ಪರೀಕ್ಷಿಸಲು ಸಾಧ್ಯವಾದ 71 ಲೇಖನಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅಸಾಧ್ಯವಾದ ಸರಾಸರಿ ಒಂದಾದರೂ ಇತ್ತು.

ಇದೇ ಪರೀಕ್ಷೆಯನ್ನು ವಿಸ್ತಾರವಾಗಿ ನಡೆಸಿದವರು ಹಾಲೆಂಡಿನ ಟಿಲ್ಬರ್ಗ್ ವಿಶ್ವವಿದ್ಯಾನಿಲಯದ ನಾಯ್ಟೆನ್ ಮತ್ತು ಸಂಗಡಿಗರು. ಮನಶ್ಶಾಸ್ತ್ರದ ಎಂಟು ಪತ್ರಿಕೆಗಳಲ್ಲಿ 1985ರಿಂದ 2013ರವರೆಗೆ ಅಚ್ಚಾದ ಎರಡೂವರೆ ಲಕ್ಷಕ್ಕೂ ಮೀರಿದ ಪಿ ಮೌಲ್ಯಗಳನ್ನು 'ಸ್ಟ್ಯಾಟ್‌ಚೆಕ್' ಎಂಬ ಗಣಕ ಕ್ರಮವಿಧಿಯಿಂದ ಮರುಲೆಕ್ಕ ಮಾಡಿಸಿ 2016ರಲ್ಲಿ ಫಲವನ್ನು ಪ್ರಕಟಿಸಿದರು. ಲೇಖನಗಳಲ್ಲಿ ಅರ್ಧದಷ್ಟರಲ್ಲಿ ತನ್ನ ಟಿ ಅಥವಾ ಎಫ್ ಮೌಲ್ಯಕ್ಕೆ ಹೊಂದದ ಪಿ ಮೌಲ್ಯ ಒಂದಾದರೂ ಇತ್ತು. ಎಂಟರಲ್ಲಿ ಒಂದು ಲೇಖನದಲ್ಲಿ ನಿರ್ಣಯವೇ ಬದಲಾಗಬಹುದಾದಷ್ಟು ದೊಡ್ಡ ಅಸಂಗತಿಯಿತ್ತು. ಟಿ(48) = 1.80 ಎಂದು ಬರೆದು ಪಿ < 0.05 ಎನ್ನುವುದು ಆ ದೊಡ್ಡ ಬಗೆಗೆ ನಿದರ್ಶನ: ವಿತರಣೆಯ ಎರಡು ಬಾಲಗಳನ್ನೂ ಎಣಿಸಿದರೆ ಅಲ್ಲಿ ಬರತಕ್ಕದ್ದು 0.078. ಒಂದೇ ಬಾಲವನ್ನು ಎಣಿಸಿದೆನೆಂದು ಲೇಖಕನು ವಾದಿಸಬಹುದು. ಹಾಗಾದರೆ ಅದನ್ನು ಅಲ್ಲಿಯೇ ಹೇಳಬೇಕಾಗಿತ್ತು.

ಈ ಪರಿಶೋಧನೆಯಲ್ಲಿ ನಮ್ಮ ಗಮನಕ್ಕೆ ಅರ್ಹವಾದ ಸಂಗತಿ ಮತ್ತೊಂದುಂಟು. ಕೈಪಿಡಿಯ ಕ್ರಮದಲ್ಲಿ, ನಿಯತವಾದ ಅಕ್ಷರ ಮತ್ತು ಆವರಣಗಳಲ್ಲಿ ಬರೆದ ಸಾಲುಗಳನ್ನು ಮಾತ್ರವೇ ಆ ಗಣಕವು ಓದಬಲ್ಲದು. ತಮ್ಮದೇ ಕ್ರಮದಲ್ಲಿ ಬರೆದವರು, ಕೋಷ್ಟಕದೊಳಗೆ ಎಲ್ಲವನ್ನೂ ತುಂಬಿದವರು ಪರೀಕ್ಷೆಗೇ ಸಿಕ್ಕಲಿಲ್ಲ. ಎಂದರೆ ತಪ್ಪು ಸಿಕ್ಕಿದ್ದು ನಿಯಮವನ್ನು ಪಾಲಿಸಿದವರಲ್ಲಿ! ನಿಯಮ ಮುರಿದವರ ತಪ್ಪುಗಳು ಎಷ್ಟೆಂದು ಹೇಳುವವರಿಲ್ಲ. ಅಂಗೀಕೃತ ಸಂಕ್ಷೇಪವೆಂಬುದು ಅಲಂಕಾರವಲ್ಲ, ತಾನು ತಪ್ಪಿದರೆ ಹಿಡಿಯಲು ಬೇಕಾದ ಹಿಡಿಯನ್ನು ಲೇಖಕನು ತಾನಾಗಿ ಇನ್ನೊಬ್ಬರ ಕೈಗೆ ಕೊಡುವುದು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ನಮ್ಮ ಪ್ರಬಂಧಗಳಲ್ಲಿ ಕಾಣುವ ದೋಷಗಳನ್ನು ಈ ಬೆಳಕಿನಲ್ಲಿ ನೋಡಿದರೆ ಯಾವುದು ಕ್ಷಮ್ಯ, ಯಾವುದು ಅಲ್ಲ ಎಂಬುದು ಬೇರ್ಪಡುತ್ತದೆ. ಅಕ್ಷರ ವಾಲದಿದ್ದರೆ ಹಾನಿಯಿಲ್ಲ. ಪಿ = 0.000 ಎಂದು ಬರೆಯುವುದು ಹಾಗಲ್ಲ. ಗಣಕವು ಮೂರು ಸ್ಥಾನಗಳಿಗೆ ಕತ್ತರಿಸಿ ಕೊಟ್ಟ ಸೊನ್ನೆಗಳನ್ನು ಇದ್ದಂತೆಯೇ ಇಳಿಸಿಕೊಂಡು, ಸಂಭವವೇ ಇಲ್ಲವೆಂದು ಸಾರಿದಂತಾಗುತ್ತದೆ. ಕೈಪಿಡಿ ಹೇಳುವಂತೆ 0.001ಕ್ಕಿಂತ ಕಡಮೆ ಎಂದರೆ ಸಾಕು, ಅದು ನಿಜವೂ ಹೌದು. ನಕ್ಷತ್ರಗಳ ಪದ್ಧತಿ, ಎಂದರೆ ಒಂದು ಚುಕ್ಕಿಗೆ ಶೇಕಡಾ ಐದು, ಎರಡು ಚುಕ್ಕಿಗೆ ಶೇಕಡಾ ಒಂದು ಎಂಬುದು, ಕೋಷ್ಟಕದಲ್ಲಿ ಸ್ಥಳ ಉಳಿಸುತ್ತದೆಯೇ ಹೊರತು 0.049ಕ್ಕೂ 0.011ಕ್ಕೂ ಇರುವ ಅಂತರವನ್ನು ಮರೆಮಾಡುತ್ತದೆ.

ಎಲ್ಲಕ್ಕಿಂತ ಅಪಾಯಕರವಾದದ್ದು ಕೂಡು–ಕಳೆ ಚಿಹ್ನೆ. ಮೇಲಿನ ಉದಾಹರಣೆಯಲ್ಲಿ ಮೊದಲ ಗುಂಪಿನ ಫಲವನ್ನು 24.60 ± 5.20 ಎಂದೂ ಬರೆಯಬಹುದು, 24.60 ± 1.04 ಎಂದೂ ಬರೆಯಬಹುದು. ಮೊದಲನೆಯದರಲ್ಲಿ ಇರುವುದು ಮಾನಕ ವಿಚಲನೆ; ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಎಷ್ಟು ಭಿನ್ನರೆಂಬುದನ್ನು ಹೇಳುತ್ತದೆ. ಎರಡನೆಯದರಲ್ಲಿ ಇರುವುದು ಮಾನಕ ದೋಷ, ಎಂದರೆ 5.20ನ್ನು ಇಪ್ಪತ್ತೈದರ ವರ್ಗಮೂಲದಿಂದ ಭಾಗಿಸಿದ್ದು. ಸರಾಸರಿಯ ಅಂದಾಜು ಎಷ್ಟು ಬಿಗಿಯಾಗಿದೆಯೆಂಬುದನ್ನು ಹೇಳುತ್ತದೆ. ಎರಡನೆಯ ಬರವಣಿಗೆಯಲ್ಲಿ ಮಕ್ಕಳೆಲ್ಲರೂ ಒಂದೇ ಅಚ್ಚಿನಲ್ಲಿ ಎರೆದವರಂತೆ ತೋರುತ್ತಾರೆ. ಯಾವುದನ್ನು ಕೊಟ್ಟಿದೆಯೆಂದು ಹೇಳದೆ ಚಿಹ್ನೆಯನ್ನು ಮಾತ್ರ ಇಟ್ಟರೆ ಓದುಗನಿಗೆ ನಿರ್ಣಯಿಸುವ ದಾರಿಯೇ ಇಲ್ಲ. ಕೈಪಿಡಿಯು ಎಂ, ಎಸ್‌ಡಿ ಎಂದು ಅಕ್ಷರಗಳಿಂದಲೇ ಬರೆಸುವುದು ವಿವೇಕದ ಕೆಲಸ.

ಇಷ್ಟು ಹೊಗಳಿದ ಮೇಲೆ ಕೈಪಿಡಿಯ ಒಂದು ಸಡಿಲವನ್ನೂ ಹೇಳಬೇಕು. ಸಂಕ್ಷೇಪವನ್ನು ಮೊದಲ ಸಲ ಬಳಸುವಾಗ ಪೂರ್ಣರೂಪವನ್ನು ಕೊಡತಕ್ಕದ್ದೆಂಬುದು ಅದರ ಸಾಮಾನ್ಯ ವಿಧಿ. ನಿಘಂಟಿನಲ್ಲಿ ಪದವಾಗಿಯೇ ಸೇರಿರುವ ಸಂಕ್ಷೇಪಗಳಿಗೆ ವಿವರಣೆ ಬೇಡವೆಂಬುದು ಅಪವಾದ. ಈ ಅಪವಾದಕ್ಕೆ ಅದು ಕೊಡುವ ಉದಾಹರಣೆಗಳಲ್ಲಿ ಐಕ್ಯೂ ಒಂದು. ಮನಶ್ಶಾಸ್ತ್ರದಲ್ಲಿ ವಿವರಣೆ ಬೇಡವೆಂದು ಬಿಡಬಾರದ ಸಂಕ್ಷೇಪ ಯಾವುದಾದರೂ ಇದ್ದರೆ ಅದು ಇದೇ ಎಂದು ನನ್ನ ಅಭಿಪ್ರಾಯ. 1912ರಲ್ಲಿ ಸ್ಟರ್ನ್ ಸೂಚಿಸಿದಾಗ ಅದು ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸಿದ ಲಬ್ಧ. 1916ರಲ್ಲಿ ಟರ್ಮನ್ ಅದನ್ನು ನೂರರಿಂದ ಗುಣಿಸಿ ಬಳಕೆಗೆ ತಂದನು. ಹತ್ತು ವರ್ಷದ ಬಾಲಕನ ಮಾನಸಿಕ ವಯಸ್ಸು ಏಳಾದರೆ ಬುದ್ಧಿಲಬ್ಧ 70. ಆಮೇಲೆ ವೆಕ್ಸ್ಲರನು ಭಾಗಾಕಾರವನ್ನು ಬಿಟ್ಟು, ಸಮವಯಸ್ಕರ ಸರಾಸರಿಯನ್ನು 100 ಎಂದೂ ಮಾನಕ ವಿಚಲನೆಯನ್ನು 15 ಎಂದೂ ಇಟ್ಟುಕೊಂಡನು. ಸ್ಟ್ಯಾನ್‌ಫರ್ಡ್–ಬಿನೆ ಪರೀಕ್ಷೆ 1960ರಲ್ಲಿ ಇದೇ ಮಾರ್ಗಕ್ಕೆ ಬಂದರೂ ಮಾನಕ ವಿಚಲನೆಯನ್ನು 16 ಎಂದು ಇಟ್ಟಿತು. 2003ರ ಆವೃತ್ತಿಯಲ್ಲಿ 15ಕ್ಕೆ ಇಳಿಸಿತು. ಎರಡೇ ಅಕ್ಷರಗಳ ಒಂದು ಹೆಸರಿನಲ್ಲಿ ಕನಿಷ್ಠಪಕ್ಷ ಮೂರು ಅಳತೆಗೋಲುಗಳು ಅಡಗಿವೆ.

ಈ ವಿಷಯ ನಮಗೆ ದೂರದ್ದಲ್ಲ. ವಿ. ವಿ. ಕಾಮತರು 1930ರ ದಶಕದಲ್ಲಿ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ, ಆ ಕೆಲಸವನ್ನು 1940ರಲ್ಲಿ ಪುಸ್ತಕರೂಪವಾಗಿ ತಂದರು. ಬಿನೆ–ಕಾಮತ್ ಪರೀಕ್ಷೆಯೆಂದು ಪ್ರಸಿದ್ಧವಾದ ಅದು ಭಾಗಾಕಾರದ ಬುದ್ಧಿಲಬ್ಧವನ್ನೇ ಕೊಡುತ್ತದೆ. ಇಂಥ ಲಬ್ಧದ ಹರವು ಎಲ್ಲ ವಯಸ್ಸಿನಲ್ಲಿಯೂ ಸಮನಾಗಿರುವುದಿಲ್ಲವೆಂಬುದು ಸ್ಟ್ಯಾನ್‌ಫರ್ಡ್–ಬಿನೆಯ 1937ರ ಆವೃತ್ತಿಯಲ್ಲಿಯೇ ಸ್ಪಷ್ಟವಾಗಿತ್ತು. ಬುದ್ಧಿಮಾಂದ್ಯವನ್ನು ಗುರುತಿಸಲು ಸಾಮಾನ್ಯವಾಗಿ ಹಾಕುವ ಗೆರೆ ಸರಾಸರಿಗಿಂತ ಎರಡು ಮಾನಕ ವಿಚಲನೆ ಕೆಳಗೆ. ಆ ಗೆರೆ ಒಂದು ಪರೀಕ್ಷೆಯಲ್ಲಿ 70, ಇನ್ನೊಂದರಲ್ಲಿ 68. ಭಾಗಾಕಾರದ ಪರೀಕ್ಷೆಯಲ್ಲಿ ವಯಸ್ಸನ್ನು ಕೇಳದೆ ಹೇಳಲಾಗದು. 69 ಬಂದ ಮಗು ಗೆರೆಯ ಯಾವ ಕಡೆ ನಿಲ್ಲುತ್ತದೆ? ಪ್ರಬಂಧದಲ್ಲಿ 'ಐಕ್ಯೂ 69' ಎಂದಷ್ಟೇ ಇದ್ದರೆ ಉತ್ತರವಿಲ್ಲ. ಬೇರೆಬೇರೆ ಪರೀಕ್ಷೆಗಳಿಂದ ಬಂದ ಬುದ್ಧಿಲಬ್ಧಗಳನ್ನು ಒಂದೇ ಕಂಬಸಾಲಿನಲ್ಲಿ ಕೂಡಿಸಿ ಸರಾಸರಿ ತೆಗೆದ ಕೋಷ್ಟಕಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ನಿಘಂಟಿನಲ್ಲಿ ಇರುವುದೊಂದೇ ಕಾರಣದಿಂದ ಪರೀಕ್ಷೆಯ ಹೆಸರನ್ನೂ ಮಾನಕ ವಿಚಲನೆಯನ್ನೂ ಹೇಳದೆ ಬಿಡಲು ಯಾರಿಗೂ ಅವಕಾಶ ಕೊಡಬಾರದು.

ಕನ್ನಡದಲ್ಲಿ ಬರೆಯುವವರಿಗೆ ಇರುವ ವಿಶೇಷವಾದ ತೊಡಕು ಇನ್ನೊಂದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ಕಲಿತು ಬಂದವರು. ಅಳತೆಯ ಶಾಸ್ತ್ರ ನಮ್ಮಲ್ಲಿಗೆ ಹೊಸದಾಗಿ ಬಂದುದಲ್ಲ. ಆದರೆ ಅದನ್ನು ಕನ್ನಡದಲ್ಲಿ ಅಚ್ಚುಮಾಡುವ ಕ್ರಮ ಇನ್ನೂ ನೆಲೆಗೊಂಡಿಲ್ಲ. ಕೆಲವರು ಪಾರಿಭಾಷಿಕ ಪದಗಳ ಮೊದಲಕ್ಷರಗಳಿಂದ ಹೊಸ ಸಂಕ್ಷೇಪಗಳನ್ನು ಕಟ್ಟುತ್ತಾರೆ. ಪರಿಶೀಲನೆಗೆ ಬಂದ ಒಂದು ಪ್ರಬಂಧದಲ್ಲಿ 'ಮಾ.ವಿ.' ಎಂದಿದ್ದುದು ಮಾನಕ ವಿಚಲನೆಯೋ ಮಾಧ್ಯ ವಿಚಲನೆಯೋ ತಿಳಿಯದೆ, ಲೆಕ್ಕವನ್ನು ಹಿಂದಿನಿಂದ ಬಿಡಿಸಿ ಕಂಡುಕೊಳ್ಳಬೇಕಾಯಿತು; ಎರಡೂ ಕಡೆ ಎರಡೂ ಅರ್ಥದಲ್ಲಿ ಬಳಸಿತ್ತು. ಮತ್ತೆ ಕೆಲವರು ಈ ಲೇಖನದಲ್ಲಿ ಮಾಡಿದಂತೆ ರೋಮನ್ ಅಕ್ಷರದ ಉಚ್ಚಾರವನ್ನು ಕನ್ನಡದಲ್ಲಿ ಬರೆಯುತ್ತಾರೆ. ಅಕ್ಷರಗಳನ್ನು ಹೆಸರಿಸುವಾಗ ಇದು ನಡೆದೀತು. ಫಲಿತಾಂಶವನ್ನು ವರದಿಮಾಡುವಾಗ ನಡೆಯದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಭೇದವಿಲ್ಲ. ಆ ಚಿಹ್ನೆಗಳಾದರೋ ಈ ಭೇದದ ಮೇಲೆಯೇ ನಿಂತಿವೆ. ದೊಡ್ಡ ಎನ್ ಎಂದರೆ ಒಟ್ಟು ಮಾದರಿಯ ಸಂಖ್ಯೆ, ಚಿಕ್ಕ ಎನ್ ಎಂದರೆ ಅದರೊಳಗಿನ ಒಂದು ಗುಂಪಿನದು. ಚಿಕ್ಕ ಟಿ ಎಂದರೆ ಗಾಸೆಟನ ಪರೀಕ್ಷೆ, ದೊಡ್ಡ ಟಿ ಎಂದರೆ ಸರಾಸರಿ 50, ಮಾನಕ ವಿಚಲನೆ 10 ಇರುವಂತೆ ಪರಿವರ್ತಿಸಿದ ಅಂಕ. ಚಿಕ್ಕ ಎಫ್ ಆವರ್ತನ, ದೊಡ್ಡ ಎಫ್ ಪ್ರಸರಣ ವಿಶ್ಲೇಷಣೆಯದು. ಕನ್ನಡದಲ್ಲಿ 'ಟಿ 48' ಎಂದರೆ ಎರಡರಲ್ಲಿ ಯಾವುದು?

ಆದುದರಿಂದ, ವಾಕ್ಯದ ಮೈಯಲ್ಲಿ ಸರಾಸರಿ, ಮಾನಕ ವಿಚಲನೆ, ಸ್ವಾತಂತ್ರ್ಯಾಂಶ ಎಂದು ಪೂರ್ಣವಾದ ಕನ್ನಡ ಪದಗಳನ್ನೂ, ಆವರಣದೊಳಗೆ ರೋಮನ್ ಚಿಹ್ನೆಗಳನ್ನು ಇದ್ದಂತೆಯೇ ಬಳಸುವುದು ಮೇಲು. ರಸಾಯನಶಾಸ್ತ್ರದ ಕನ್ನಡ ಪುಸ್ತಕಗಳು ಮೂಲವಸ್ತುಗಳ ಚಿಹ್ನೆಗಳ ವಿಷಯದಲ್ಲಿ ಬಹುಕಾಲದಿಂದ ಹೀಗೆಯೇ ಮಾಡಿವೆ. ಅದರಿಂದ ಕನ್ನಡಕ್ಕೇನೂ ಕುಂದು ಬಂದಿಲ್ಲ. ಒಂದು ಎಡೆಯಲ್ಲಿ ಮಾತ್ರ ಕೈಪಿಡಿಯನ್ನು ಬಿಡುವುದು ಒಳ್ಳೆಯದು. ಒಂದನ್ನು ಮೀರಲಾರದ ಮೌಲ್ಯಗಳಿಗೆ ದಶಮಾಂಶ ಬಿಂದುವಿನ ಹಿಂದೆ ಸೊನ್ನೆ ಬೇಡವೆಂದು ಅದು ವಿಧಿಸುತ್ತದೆ. ನಮ್ಮ ಅಚ್ಚಿನಲ್ಲಿ ಹಿಂದೆ ಏನೂ ಇಲ್ಲದ ಬಿಂದು ವಾಕ್ಯದ ಪೂರ್ಣವಿರಾಮಕ್ಕೆ ಸೇರಿಹೋಗಿ .05 ಎಂಬುದು ಐದಾಗುವುದುಂಟು. ಕನ್ನಡ ಅಂಕಿಗಳನ್ನು ಬಳಸುವವರಿಗೆ ಸೊನ್ನೆಯೂ ಅನುಸ್ವಾರವೂ ಒಂದೇ ದುಂಡು ಎಂಬ ಬೇರೊಂದು ಉಪದ್ರವವೂ ಇದೆ.

ಅಕ್ಷರಕ್ಕಿಂತ ಹೆಚ್ಚಿನ ಕೆಡುಕನ್ನು ಒಂದು ಪದ ಮಾಡಿದೆ. ಪಿ ಮೌಲ್ಯವು 0.05ಕ್ಕಿಂತ ಕಡಮೆಯಾದಾಗ ನಮ್ಮ ಪ್ರಬಂಧಗಳು 'ಅರ್ಥಪೂರ್ಣ ವ್ಯತ್ಯಾಸ'ವೆಂದು ಬರೆಯುತ್ತವೆ. ಇಂಗ್ಲಿಷಿನ ಪದವೇ ಈ ಭ್ರಮೆಗೆ ಎಡೆಗೊಟ್ಟಿತ್ತು. ಕನ್ನಡದ ಪದ ಅದನ್ನು ಸಂಪೂರ್ಣಗೊಳಿಸಿತು. ಗುಂಪುಗಳಲ್ಲಿ ವಾಸ್ತವವಾಗಿ ಭೇದವಿಲ್ಲವೆಂದೂ ಲೆಕ್ಕದ ಆಧಾರಗಳೆಲ್ಲ ಸರಿಯೆಂದೂ ಹಿಡಿದುಕೊಂಡರೆ, ಇಷ್ಟು ಅಥವಾ ಇದಕ್ಕೂ ಹೆಚ್ಚಿನ ಅಂತರ ಎಷ್ಟು ಸಲ ಕಂಡೀತು ಎಂಬುದಿಷ್ಟೇ ಪಿ. ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವ ಅದಲ್ಲ, ಭೇದದ ಗಾತ್ರವೂ ಅಲ್ಲ. ಅಮೆರಿಕನ್ ಸಂಖ್ಯಾಶಾಸ್ತ್ರ ಸಂಘವು 2016ರಲ್ಲಿ ಇದನ್ನು ಹೇಳಿಕೆಯ ರೂಪದಲ್ಲಿಯೇ ಸಾರಬೇಕಾಯಿತು. ಜೇಕಬ್ ಕೋಹೆನ್ 1994ರಲ್ಲಿಯೇ ಸಾಕಷ್ಟು ಕಟುವಾಗಿ ಬರೆದಿದ್ದನು. ಒಂದು ಸಾಮಾಜಿಕ ಮನಶ್ಶಾಸ್ತ್ರ ಪತ್ರಿಕೆ 2015ರಲ್ಲಿ ಪಿ ಮೌಲ್ಯವನ್ನೇ ನಿಷೇಧಿಸಿತು. ಅದು ಅತಿಯಾಯಿತೆಂದು ತೋರುತ್ತದೆ; ಕೆಟ್ಟ ಸಾಕ್ಷಿಯನ್ನು ಹೆಚ್ಚು ಪ್ರಶ್ನಿಸಬೇಕೇ ಹೊರತು ನ್ಯಾಯಸ್ಥಾನದಿಂದ ಓಡಿಸುವುದಲ್ಲ. ಮೇಲಿನ ಉದಾಹರಣೆಯ ವಿಶ್ವಾಸಾಂತರವನ್ನು ಮತ್ತೊಮ್ಮೆ ನೋಡಿ: ಬಿಡುವಿನ ಕಲಿಕೆಯ ಲಾಭ ಆರು ಪದಗಳಿಗೂ ಮೀರಿರಬಹುದು, ಒಂದು ಪದದ ಆರನೆಯ ಒಂದು ಭಾಗವೂ ಆಗಿರಬಹುದು. ಇದನ್ನು 'ಅರ್ಥಪೂರ್ಣ' ಎಂಬ ಪದದಿಂದ ಮುಚ್ಚಿದರೆ ಶಾಲೆಯ ಉಪಾಧ್ಯಾಯನು ಏನೆಂದು ತಿಳಿಯಬೇಕು? 'ಆಕಸ್ಮಿಕದ ಮಿತಿಯನ್ನು ದಾಟಿದ ವ್ಯತ್ಯಾಸ' ಎಂಬುದು ಉದ್ದವಾದರೂ ತನ್ನ ಅಧಿಕಾರವನ್ನು ಮೀರಿ ಮಾತಾಡುವುದಿಲ್ಲ.

ನಿಯಮಬದ್ಧವಾಗಿ ಬರೆದ ಮಾತ್ರಕ್ಕೆ ಫಲ ನಿಜವಾಗುವುದಿಲ್ಲವೆಂಬ ಆಕ್ಷೇಪ ನ್ಯಾಯವಾದುದು. 2015ರಲ್ಲಿ ಪ್ರಕಟವಾದ ಸಾಮೂಹಿಕ ಪ್ರಯತ್ನವೊಂದರಲ್ಲಿ ನೂರು ಮನಶ್ಶಾಸ್ತ್ರ ಅಧ್ಯಯನಗಳನ್ನು ಪುನಃ ಮಾಡಿ ನೋಡಿದರು. ಮೂಲದಲ್ಲಿ ಶೇಕಡಾ 97ರಷ್ಟು ಗೆರೆಯನ್ನು ದಾಟಿದ್ದುವು, ಪುನಃಪ್ರಯೋಗದಲ್ಲಿ ದಾಟಿದುವು ಶೇಕಡಾ 36. ಆ ಮೂಲಲೇಖನಗಳೆಲ್ಲ ಗಣ್ಯ ಪತ್ರಿಕೆಗಳಲ್ಲಿ ಅಚ್ಚುಕಟ್ಟಾಗಿ ಪ್ರಕಟವಾಗಿದ್ದುವೇ. ಆದರೆ ಹೀಗೆ ತುಲನೆ ಮಾಡಲು ಸಾಧ್ಯವಾದದ್ದೂ ಮೂಲದ ಅಂಕಿಗಳು ಓದಲು ಬರುವಂತೆ ಉಳಿದಿದ್ದುದರಿಂದಲೇ. ಮೂಲ ದತ್ತಾಂಶವನ್ನೇ ಕೇಳಿ ಪಡೆಯಬಹುದಲ್ಲ ಎಂದರೆ, ವಿಖೆರ್ಟ್ಸ್ ಮತ್ತು ಸಂಗಡಿಗರ ಅನುಭವ ಬೇರೆ. ಅವರು 141 ಲೇಖನಗಳ ಕರ್ತೃಗಳನ್ನು ದತ್ತಾಂಶಕ್ಕಾಗಿ ಕೇಳಿದರು; ಶೇಕಡಾ 73 ಮಂದಿ ಕೊಡಲಿಲ್ಲವೆಂದು 2006ರಲ್ಲಿ ವರದಿಮಾಡಿದರು.

ಕೊಡದವರೆಲ್ಲ ಬಚ್ಚಿಟ್ಟವರೆಂದು ನಾನು ಹೇಳಲಾರೆ. ವಿದ್ಯಾರ್ಥಿದೆಸೆಯಲ್ಲಿ ನಾನು ಸಿದ್ಧಪಡಿಸಿದ ಪ್ರಬಂಧದ ಪ್ರತಿಯೊಂದು ನನ್ನ ಬಳಿ ಇದೆ. ಅದರ ಮೂರನೆಯ ಕೋಷ್ಟಕದಲ್ಲಿ ಹನ್ನೆರಡು ಸರಾಸರಿಗಳಿವೆ; ಒಂದೊಂದರ ಮುಂದೆಯೂ ಕೂಡು–ಕಳೆ ಚಿಹ್ನೆ, ಅದರ ಮುಂದೆ ಒಂದು ಅಂಕಿ. ಅದು ಮಾನಕ ವಿಚಲನೆಯೋ ಮಾನಕ ದೋಷವೋ ಎಂದು ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಬಂದು ಕೇಳಿದಳು. ಉತ್ತರಪತ್ರಿಕೆಗಳ ಕಟ್ಟನ್ನು ಗೆದ್ದಲು ಹಿಡಿದು ಬಹಳ ಕಾಲವಾಗಿತ್ತು. ಗುಂಪಿನ ಸಂಖ್ಯೆಯನ್ನು ಕೋಷ್ಟಕದಲ್ಲಿ ಬರೆದಿರಲಿಲ್ಲ, ಸ್ವಾತಂತ್ರ್ಯಾಂಶವನ್ನೂ ಬರೆದಿರಲಿಲ್ಲ. ಇಬ್ಬರೂ ಒಂದು ಮಧ್ಯಾಹ್ನವೆಲ್ಲ ಕುಳಿತು ಹಿಂದಿನಿಂದ ಲೆಕ್ಕ ಹಾಕಿ ನೋಡಿದೆವು. ತಿಳಿಯಲಿಲ್ಲ.